ಕ್ಲಚ್ ಪ್ಲೇಟ್ ಹೋಗಿದೆ ಅನ್ನುವ ಮುಂಚೆ ಇದನ್ನು ನೋಡಿ

ನಮಸ್ಕಾರ. ಎಂಜಿನ್ ಓಡುತ್ತಿದೆ, ಗಾಡಿ ನ್ಯೂಟ್ರಲ್‌ನಲ್ಲಿದೆ. ಕ್ಲಚ್ ಪೂರ್ತಿ ತುಳಿದಿದ್ದೇನೆ. ನಾಲ್ಕೈದು ಸೆಕೆಂಡ್ ಸುಮ್ನೆ ಕಾಯೋಣ. ಈಗ ರಿವರ್ಸ್. ಕರ್ರ್ ಅಂತು, ಕೇಳಿಸಿತಲ್ವಾ?

ಬಹಳ ಕಾರುಗಳಲ್ಲಿ ರಿವರ್ಸ್ ಗೇರ್‌ಗೆ ಸಿಂಕ್ರೊನೈಸರ್, ಅಂದರೆ ಗೇರ್ ಬೀಳುವ ಮುಂಚೆ ಎರಡೂ ಕಡೆಯ ವೇಗ ಸರಿಹೊಂದಿಸುವ ಭಾಗ, ಇರುವುದಿಲ್ಲ. ಗೇರ್‌ಬಾಕ್ಸ್ ಒಳಗಿನ ಶಾಫ್ಟ್ ತಿರುಗುತ್ತಲೇ ಇದ್ದರೆ ಹಲ್ಲಿಗೆ ಹಲ್ಲು ಉಜ್ಜುತ್ತದೆ. ತುಳಿದ ತಕ್ಷಣ ಹಾಕಿದರೆ ಚೆನ್ನಾಗಿರುವ ಕ್ಲಚ್‌ನಲ್ಲೂ ಈ ಸದ್ದು ಬರಬಹುದು, ಅದಕ್ಕೇ ಕಾದಿದ್ದು. ಕಾದ ಮೇಲೂ ಬಂತು ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ, ತುಳಿದರೂ ಎಂಜಿನ್‌ನಿಂದ ಗೇರ್‌ಬಾಕ್ಸ್ ಪೂರ್ತಿ ಬೇರೆ ಆಗುತ್ತಿಲ್ಲ.

ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ ಒಂದಿದೆ. ಗೇರ್ ಗಟ್ಟಿಯಾಯಿತು ಅಂದರೂ "ಕ್ಲಚ್ ಪ್ಲೇಟ್ ಹೋಗಿದೆ", ಪಿಕಪ್ ಇಲ್ಲ ಅಂದರೂ "ಕ್ಲಚ್ ಪ್ಲೇಟ್ ಹೋಗಿದೆ". ಕೆಲವು ಮೆಕ್ಯಾನಿಕ್‌ಗಳು ಬಾನೆಟ್ ಕೂಡ ಎತ್ತದೆ ಹೇಳಿಬಿಡುತ್ತಾರೆ! ಸವೆದ ಪ್ಲೇಟ್ ಹಿಡಿಯುವುದಿಲ್ಲ, ಜಾರುತ್ತದೆ. ನಮ್ಮದು ಹಿಡಿದಿದ್ದನ್ನು ಬಿಡುತ್ತಿಲ್ಲ. ಒಂದಕ್ಕೊಂದು ಪೂರ್ತಿ ಉಲ್ಟಾ. ಪ್ಲೇಟ್ ಬದಲಿಸಬೇಕು ಅಂದರೆ ಗೇರ್‌ಬಾಕ್ಸ್ ಇಳಿಸಬೇಕು. ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಬೇರಿಂಗ್, ಅದರ ಮೇಲೆ ಇಡೀ ದಿನದ ಕೂಲಿ. ಅಷ್ಟೆಲ್ಲಾ ಕೊಟ್ಟು ಮನೆಗೆ ಬಂದ ಮೇಲೂ ರಿವರ್ಸ್ ಕರ್ರ್ ಅಂದರೆ ಹೇಗಾಗಬೇಡ? ದುಡ್ಡು ಕೊಡುವವರಿಗೆ ಕಾರಣ ಕೇಳುವ ಹಕ್ಕಿದೆ. ಕೇಳಿ.

ಪ್ಲೇಟ್ ಜಾರುತ್ತಿದೆಯಾ ಅಂತ ನೋಡುವುದು ಸುಲಭ. ಕೈಬ್ರೇಕ್ ಎಳೆದು, ಕಾಲು ಬ್ರೇಕ್ ಮೇಲಿಟ್ಟು, ಮೂರನೇ ಗೇರ್ ಹಾಕಿ ನಿಧಾನಕ್ಕೆ ಕ್ಲಚ್ ಬಿಡಿ. ಎಂಜಿನ್ ಬಂದ್ ಆಗಬೇಕು. ನೋಡಿ, ಆಯಿತು. ಒಳ್ಳೆ ಪರೀಕ್ಷೆ... ಅಷ್ಟೇನೂ ಒಳ್ಳೆಯದಲ್ಲ ಬಿಡಿ. ಇದರಲ್ಲಿ ಫೇಲ್ ಆಗುವ ಹೊತ್ತಿಗೆ ಪ್ಲೇಟ್ ಪೂರಾ ಮುಗಿದಿರುತ್ತದೆ. ಅರ್ಧ ಸವೆದಿದ್ದು ಪಾಸ್ ಆಗಿಬಿಡುತ್ತದೆ. ಖಾಲಿ ರಸ್ತೆಯ ಏರಿನಲ್ಲಿ ನಾಲ್ಕನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತುವುದೇ ಸರಿ. ಆರ್‌ಪಿಎಂ ಮುಳ್ಳು ಮೇಲೆ ಹಾರಿ, ಸ್ಪೀಡ್ ಇದ್ದಲ್ಲೇ ಇದ್ದರೆ ಕ್ಲಚ್ ಜಾರುತ್ತಿದೆ. ಸುಟ್ಟ ವಾಸನೆಯೂ ಬರಬಹುದು. ನಮ್ಮ ಗಾಡಿಯಲ್ಲಿ ಎರಡೂ ಇಲ್ಲ.

ಸದ್ದಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕ್ಲಚ್ ತುಳಿದಾಗ ಗುಂಯ್ ಅಂತ ಶುರುವಾದರೆ ರಿಲೀಸ್ ಬೇರಿಂಗ್ ನೋಡಿಸಿ, ಪೆಡಲ್ ತುಳಿದಾಗ ಕ್ಲಚ್ಚನ್ನು ಒತ್ತಿ ಬಿಡಿಸುವ ಬೇರಿಂಗ್ ಅದು. ನ್ಯೂಟ್ರಲ್‌ನಲ್ಲಿ ಕಾಲು ತೆಗೆದಾಗ ಇದ್ದು, ತುಳಿದಾಗ ನಿಂತರೆ ಗೇರ್‌ಬಾಕ್ಸ್ ಕಡೆಯ ಬೇರಿಂಗ್ ಮೇಲೆ ಅನುಮಾನ. ರಿಲೀಸ್ ಬೇರಿಂಗ್ ಸಾಯುವುದು ಯಾಕೆ ಗೊತ್ತಾ? ಸಿಗ್ನಲ್‌ನಲ್ಲಿ ಗೇರ್ ಹಾಕಿಕೊಂಡೇ ಕ್ಲಚ್ ತುಳಿದು ನಿಲ್ಲುತ್ತಾರೆ. ಓಡಿಸುವಾಗಲೂ ಎಡಗಾಲು ಪೆಡಲ್ ಮೇಲೆಯೇ. ಏರಿನಲ್ಲಿ ಕೈಬ್ರೇಕ್ ಇದ್ದರೂ ಹಾಫ್ ಕ್ಲಚ್‌ನಲ್ಲಿ ಗಾಡಿ ಹಿಡಿದುಕೊಳ್ಳುತ್ತಾರೆ. ಇದನ್ನು ಕಲಿಸುವಾಗಲೇ ಹೇಳಿಕೊಡಬೇಕು, ಲೈಸೆನ್ಸ್ ಪರೀಕ್ಷೆಯಲ್ಲೂ... ಸರಿ ಸರಿ, ಕ್ಯಾಮೆರಾ ಕೆಳಗೆ ಹೋಯಿತು, ಬನ್ನಿ.

ಪೆಡಲ್ ಮೂರು ನಾಲ್ಕು ಸಲ ಪಂಪ್ ಮಾಡಿದೆ. ಗೇರ್ ಸಲೀಸಾಗಿ ಬಿತ್ತು. ಇದೇ ದೊಡ್ಡ ಸುಳಿವು. ಕೇಬಲ್ ಕ್ಲಚ್ ಆಗಿದ್ದರೆ ಕೇಬಲ್ ಸಡಿಲವಾಗಿದೆಯಾ ನೋಡುತ್ತಿದ್ದೆ. ಇದು ಹೈಡ್ರಾಲಿಕ್, ಪೆಡಲ್ ಒತ್ತಡ ಆಯಿಲ್ ಮೂಲಕ ಹೋಗುತ್ತದೆ, ಹಾಗಾಗಿ ಪೈಪಿನಲ್ಲಿ ಗಾಳಿ ಸೇರಿರಬೇಕು ಅಥವಾ ಎಲ್ಲೋ ಸೋರುತ್ತಿರಬೇಕು. ಬ್ರೇಕ್ ಆಯಿಲ್ ಡಬ್ಬಿ ನೋಡಿ. ತುಂಬಾ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್‌ಗೂ ಒಂದೇ ಡಬ್ಬಿ. ಮಟ್ಟ ಇಳಿದಿದೆ. ಪೆಡಲ್ ಹಿಂದೆ, ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಹತ್ತಿರ ಒಣಗಿದೆ, ಅಲ್ಲಿ ಹೊರಗೆ ಸೋರಿಕೆ ಕಾಣುತ್ತಿಲ್ಲ.

ಈಗ ಗೇರ್‌ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರ್, ಆ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವುದು ಇದೇ. ಇದರ ರಬ್ಬರ್ ಟೋಪಿಯ ಅಂಚನ್ನು ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಎತ್ತುತ್ತೇನೆ. ನೋಡಿ, ನೋಡಿ! ಕಪ್ಪು ಹನಿ ಉರುಳಿ ಬಂತು. ಬೆರಳಿಗೆ ಜಿಡ್ಡು, ಒಳಗೆ ರಬ್ಬರ್ ಪುಡಿ. ಸೀಲ್ ಸವೆದಿದೆ. ತುಳಿದಾಗ ಒತ್ತಡ ಇಲ್ಲೇ ಸೋರಿ ಹೋಗುತ್ತಿದೆ. ಪೇಂಟ್ ಮೇಲೆ ಬಿದ್ದರೆ ಈ ಆಯಿಲ್ ಅದನ್ನೂ ತಿನ್ನುತ್ತದೆ, ತಕ್ಷಣ ನೀರಿನಲ್ಲಿ ತೊಳೆಯಿರಿ.

ಇದು ಹೊರಗಿದೆ, ನಮ್ಮ ಪುಣ್ಯ. ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಒಳಗೆ, ಶಾಫ್ಟ್ ಸುತ್ತಲೇ ಇರುತ್ತದೆ. ಆ ಡಿಸೈನ್ ನನಗೆ ಇಷ್ಟವಿಲ್ಲ, ಸಣ್ಣ ಸೀಲ್‌ಗೆ ಎಲ್ಲಾ ಇಳಿಸಬೇಕು. ಅದರಲ್ಲಿ ಫೋರ್ಕ್, ಅಂದರೆ ರಿಲೀಸ್ ಬೇರಿಂಗ್ ತಳ್ಳುವ ಕವಲು, ಸವೆಯುವ ಗೋಳಿಲ್ಲ ಅನ್ನುವುದೂ ನಿಜ. ಅಂಥ ಗಾಡಿಯಲ್ಲಿ ಪ್ಲೇಟ್ ಬದಲಿಸುವಾಗ ಆ ಸಿಲಿಂಡರನ್ನೂ ಬದಲಿಸಿಬಿಡಿ.

ಹೊರಗೆ ಸೋರಿಕೆಯೇ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್ ಒಳಗೇ ಸೋರುತ್ತಿರಬಹುದು. ಮುಂದೆ ಜಾಗ ಖಾಲಿ ಇರುವಲ್ಲಿ ಫಸ್ಟ್ ಗೇರ್ ಹಾಕಿ ಪೆಡಲ್ ತುಳಿದೇ ಇರಿ. ಕಾಲು ಅಲುಗಾಡಿಸದಿದ್ದರೂ ಗಾಡಿ ಮೆಲ್ಲಗೆ ಮುಂದೆ ಸರಿಯತೊಡಗಿದರೆ ಅನುಮಾನ ಅದರ ಮೇಲೆಯೇ.

ಹೊಸ ಸಿಲಿಂಡರ್ ಹಾಕಿ ಪೈಪಿನಲ್ಲಿ ಸೇರಿದ ಏರ್ ತೆಗೆಯುವುದನ್ನು ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ. ಪೆಡಲ್ ತುಳಿಯಲು ಇನ್ನೊಬ್ಬರು ಬೇಕು. ಆಯಿಲ್ ಮಾತ್ರ ಡಬ್ಬಿಯ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನೇ ತನ್ನಿ, ಡಾಟ್ 4 (ಆಯಿಲ್‌ನ ದರ್ಜೆ) ಅಂತಿದ್ದರೆ ಡಾಟ್ 4. ಹಳೇ ಬಾಟಲಿಯಲ್ಲಿ ತೆರೆದಿಟ್ಟಿದ್ದು ಬೇಡ, ಅದು ಗಾಳಿಯ ತೇವ ಹೀರಿರುತ್ತದೆ.