ಅರಿಶಿನ ದಾರದ ಸುಳಿವು

ಕೇಳುಗರಿಗೆ ನಮಸ್ಕಾರ.

ಪತ್ತೇದಾರಿ ಕಾದಂಬರಿ ಎಂದೊಡನೆ ನನ್ನ ವಯಸ್ಸಿನ ಓದುಗರಿಗೆ ಎನ್. ನರಸಿಂಹಯ್ಯನವರು ನೆನಪಾಗುತ್ತಾರೆ. ನೂರಾರು ಕಾದಂಬರಿಗಳನ್ನು ಬರೆದ ಅವರು ನಮ್ಮಂಥ ಸಾವಿರಾರು ಹುಡುಗರಿಗೆ ಓದಿನ ರುಚಿ ಹತ್ತಿಸಿದರು. ಅಂದಿನ ಪತ್ತೇದಾರಿ ಕಥೆಗಳಲ್ಲಿ ಪತ್ತೇದಾರ ಸಾಮಾನ್ಯವಾಗಿ ಹೊರಗಿನಿಂದ ಬರುತ್ತಿದ್ದ, ಅಪರಾಧಿಯನ್ನು ಹಿಡಿದುಕೊಟ್ಟು ಹೊರಟುಹೋಗುತ್ತಿದ್ದ. ನಾನು ಇಂದು ಹೇಳಹೊರಟಿರುವುದು ಪತ್ತೇದಾರ ಎದ್ದು ಹೋಗಲಾರದ ಕಥೆಗಳ ಬಗ್ಗೆ. ಅಲ್ಲಿ ಪತ್ತೆ ಮಾಡುವವರು ಆ ಮನೆಯದೇ ಹದಿನಾಲ್ಕು ಹದಿನೈದರ ಮಗ ಅಥವಾ ಮಗಳು. ಗುಟ್ಟನ್ನು ಮುಚ್ಚಿಟ್ಟವರು ದಿನವೂ ಅವರಿಗೆ ಊಟ ಬಡಿಸುವವರು.

ಅಮೆರಿಕದಲ್ಲಿ ಇಂಥ ಬರವಣಿಗೆಗೆ ತನ್ನದೇ ಸ್ಥಾನವಿದೆ. ಅಲ್ಲಿನ ರಹಸ್ಯ ಕಥೆಗಾರರ ಸಂಘವು ಎಡ್ಗರ್ ಅಲನ್ ಪೋ ಹೆಸರಿನಲ್ಲಿ ನೀಡುವ ಪ್ರಶಸ್ತಿಗಳಲ್ಲಿ 1961ರಿಂದ ಮಕ್ಕಳ ಪುಸ್ತಕಗಳಿಗೂ 1989ರಿಂದ ಹದಿಹರೆಯದವರ ಕಾದಂಬರಿಗಳಿಗೂ ಪ್ರತ್ಯೇಕ ವಿಭಾಗಗಳಿವೆ. ನಮ್ಮಲ್ಲಿ ಮಕ್ಕಳ ಕಥೆ ಓದಿ ಮುಗಿಸಿದ ಹುಡುಗಿ ನೇರವಾಗಿ ದೊಡ್ಡವರ ಕಾದಂಬರಿಗೇ ಕೈ ಹಾಕಬೇಕು.

ನಮ್ಮ ಚಿತ್ರದುರ್ಗದಲ್ಲಿ ರಹಸ್ಯ ಕಥೆ ಬರೆಯಿರಿ ಎಂದರೆ ಎಳೆಯ ಬರಹಗಾರರು ಕೂಡಲೇ ಏಳು ಸುತ್ತಿನ ಕೋಟೆ ಹತ್ತಿ, ಸುರಂಗ ಹೊಕ್ಕು, ನಿಧಿ ಅಗೆಯತೊಡಗುತ್ತಾರೆ. ಕೋಟೆಯ ಮೇಲೆ ನನಗೂ ಅಭಿಮಾನವಿದೆ. ಆದರೆ ಅದಕ್ಕಿಂತ ಗಾಢವಾದ ರಹಸ್ಯ ಹೊಳಲ್ಕೆರೆಯ ಕಡೆಯ ಯಾವುದೋ ಅಡಿಕೆ ತೋಟದ ಮನೆಯಲ್ಲಿದೆ ಎಂದು ನಾನು ನಂಬಿದ್ದೇನೆ.

ಅಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮಗಳು ಹತ್ತನೇ ತರಗತಿ. ಬಿರುಬೇಸಗೆಯಲ್ಲೂ ಅವ್ವ ಕೊರಳ ತುಂಬ ಸೆರಗು ಹೊದ್ದಿರುತ್ತಾಳೆ. ಒಂದು ದಿನ ಕೊಡ ಎತ್ತಿಕೊಳ್ಳುವಾಗ ಸೆರಗು ಸರಿದು, ತಾಳಿ ಸರವಿದ್ದ ಜಾಗದಲ್ಲಿ ಅರಿಶಿನ ದಾರ ಕಾಣಿಸುತ್ತದೆ. ಅಡಿಕೆ ಮಾರಲು ಭೀಮಸಮುದ್ರಕ್ಕೆ ಹೋಗಿದ್ದೆ ಎಂದ ಅಪ್ಪನ ಅಂಗಿಯನ್ನು ಒಗೆಯುವಾಗ ಜೇಬಿನಲ್ಲಿ ದಾವಣಗೆರೆಯ ಬಸ್ ಟಿಕೆಟ್ ಸಿಗುತ್ತದೆ. ಅವಳು ಒಳಗೆ ಕಾಲಿಟ್ಟೊಡನೆ ಅಜ್ಜಿ ಮಾತು ಬದಲಿಸುತ್ತಾಳೆ. ಯಾವುದೂ ಅಪರಾಧವಲ್ಲ, ಎಲ್ಲವೂ ಸುಳಿವು. ಅವಳು ನೋಡಿದ್ದನ್ನೆಲ್ಲ ಓದುಗರಿಗೂ ತೋರಿಸುವುದು, ಕೊನೆಯಲ್ಲಿ ಹೊಸದಾಗಿ ಏನನ್ನೂ ತಂದು ಸುರಿಯದಿರುವುದು ಲೇಖಕರು ಪಾಲಿಸಬೇಕಾದ ನ್ಯಾಯ.

ತೋಟ ಒಣಗುತ್ತಿದೆ, ಮೊದಲ ಬೋರ್ ಬತ್ತಿದೆ, ಸರ ಅಡವಿಟ್ಟು ಕೊರೆಸಿದ ಎರಡನೆಯದೂ ಫೇಲಾಗಿದೆ. ಹಾಗಾದರೆ ತಪ್ಪಿತಸ್ಥರು ಯಾರು? ಮಗಳಿಗೆ ಓದು ಕೆಡಬಾರದೆಂದು ಬಾಯಿ ಕಟ್ಟಿಕೊಂಡ ತಂದೆತಾಯಿಯೇ? ಎಷ್ಟು ಆಳಕ್ಕಿಳಿದರೂ ಸಿಗದ ನೀರೇ? ಬೆರಳು ತೋರಿಸಲು ಒಬ್ಬರೂ ಸಿಗದಿರುವುದೇ ಈ ಪ್ರಕಾರದ ಕಷ್ಟ, ನನ್ನ ಮಟ್ಟಿಗೆ ಅದರ ಘನತೆಯೂ ಹೌದು. ಒಂದು ಮಾತನ್ನು ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ: ರೈತನ ಸಾವನ್ನು ಕಥೆಯ ತಿರುವಿಗಾಗಿ ಬಳಸಬೇಡಿ. ಅಂಥ ಮನೆಯಿಂದ ಬಂದ ಮಗು ನಿಮ್ಮ ಪುಸ್ತಕವನ್ನು ತರಗತಿಯಲ್ಲಿ ಕುಳಿತು ಓದುತ್ತಿರಬಹುದು. ಅಪ್ಪ ಬದುಕಿರಲಿ, ಸಾಲ ಹೊತ್ತವನಾಗಿ, ಮಗಳ ಕಣ್ಣು ತಪ್ಪಿಸುವವನಾಗಿ ಬದುಕಿರಲಿ. ಅವನನ್ನು ದಿನವೂ ಎದುರಿಗೆ ನೋಡಬೇಕಾದವಳ ಕಥೆಯನ್ನು ಬರೆಯುವುದೇ ಹೆಚ್ಚು ಕಠಿಣ.

ಇನ್ನು ಕೊನೆಯ ಪುಟ. ಹಳೆಯ ಪತ್ತೇದಾರ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಗುಟ್ಟು ಬಿಡಿಸುತ್ತಿದ್ದ. ಈ ಹುಡುಗಿ ಸಂಜೆ ಒಲೆಯ ಮುಂದೆ ಅವ್ವನ ಪಕ್ಕದಲ್ಲಿ ಕೂರುತ್ತಾಳೆ. ರೊಟ್ಟಿ ತಟ್ಟುವ ಸದ್ದಿನ ನಡುವೆ, ತಲೆ ಎತ್ತದೆ, "ಅವ್ವಾ, ಸರ ಯಾವ ಬ್ಯಾಂಕಿನಾಗೈತೆ?" ಎನ್ನುತ್ತಾಳೆ. ತಟ್ಟುತ್ತಿದ್ದ ಕೈ ನಿಲ್ಲುತ್ತದೆ. ಹಂಚಿನ ಮೇಲಿದ್ದ ರೊಟ್ಟಿಯನ್ನು ಮಗಳೇ ಮಗುಚಿ ಹಾಕುತ್ತಾಳೆ.