ಹ್ಯಾನಿಬಲ್ ಊರಿನ ಮಾರ್ಗರೆಟ್

ಎಲ್ಲರಿಗೂ ನಮಸ್ಕಾರ. ಇವತ್ತು ಅಮೆರಿಕದ ಮಿಸೌರಿ ರಾಜ್ಯದ ಹ್ಯಾನಿಬಲ್‌ಗೆ ಬಂದಿದ್ದೇನೆ. ಸೇಂಟ್ ಲೂಯಿಸ್‌ನಿಂದ ಉತ್ತರಕ್ಕೆ ಸುಮಾರು ಎರಡು ಗಂಟೆ ದಾರಿ. ಊರಲ್ಲಿರುವುದು ಹೆಚ್ಚುಕಡಿಮೆ 17 ಸಾವಿರ ಜನ. ಎದುರಿಗೆ ಕೆಂಚಗೆ ಹರಿಯುತ್ತಿದೆಯಲ್ಲ, ಅದೇ ಮಿಸಿಸಿಪ್ಪಿ.

ಊರೊಳಗೆ ಕಾಲಿಟ್ಟರೆ ಸಾಕು, ಎಲ್ಲಿ ನೋಡಿದರೂ ಹೆಸರಾಂತ ಲೇಖಕ ಮಾರ್ಕ್ ಟ್ವೇನ್ ಹೆಸರೇ. ಗುಹೆಗೂ ಅದೇ, ದೋಣಿಗೂ ಅದೇ. ಅವರ ನಿಜವಾದ ಹೆಸರು ಸ್ಯಾಮ್ಯುಯೆಲ್ ಕ್ಲೆಮೆನ್ಸ್. 1839ರಲ್ಲಿ, ನಾಲ್ಕು ವರ್ಷದ ಹುಡುಗನಾಗಿದ್ದಾಗ, ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದರು. ಹಿಲ್ ಸ್ಟ್ರೀಟ್‌ನ ಈ ಬಿಳಿ ಮನೆಯಲ್ಲಿ ಬೆಳೆದರು.

ಆ ಇನ್ನೊಂದು ಹೆಸರು ಎಲ್ಲಿಂದ ಬಂತು ಗೊತ್ತಾ? ಈ ನೀರಿನಿಂದಲೇ. ಸ್ಟೀಮ್ ಬೋಟಿನವರು ಹಗ್ಗದ ತುದಿಗೆ ಸೀಸದ ತೂಕ ಕಟ್ಟಿ ನದಿಗೆ ಇಳಿಬಿಡುತ್ತಿದ್ದರು. ಆಳ ಎರಡು ಮಾರು ಇದ್ದರೆ 'ಮಾರ್ಕ್ ಟ್ವೇನ್' ಎಂದು ಕೂಗುತ್ತಿದ್ದರು. ಹೌದು, ನಮ್ಮ ಹೂವಾಡಗಿತ್ತಿ ಕೈ ಚಾಚಿ ಅಳೆಯುವ ಮಾರಿನಷ್ಟೇ! ಎರಡು ಮಾರು ಅಂದರೆ 12 ಅಡಿ, ಬೋಟಿಗೆ ಭಯವಿಲ್ಲ. ಕ್ಲೆಮೆನ್ಸ್ 1859ರಲ್ಲಿ ಬೋಟ್ ನಡೆಸುವ ಲೈಸೆನ್ಸ್ ಪಡೆದರು. 1863ರಲ್ಲಿ ಆ ಕೂಗನ್ನೇ ತಮ್ಮ ಹೆಸರು ಮಾಡಿಕೊಂಡರು.

ಕಾರಲ್ಲಿ ಹಾಡು ಕೇಳುವ 8-ಟ್ರ್ಯಾಕ್ ಟೇಪ್ ತಂದ, ಲಿಯರ್‌ಜೆಟ್ ವಿಮಾನ ಕಟ್ಟಿದ ಬಿಲ್ ಲಿಯರ್ ಕೂಡ ಇಲ್ಲಿಯವರೇ. ಆದರೆ ನಾನು ಇಷ್ಟು ದೂರ ಬಂದಿದ್ದು ಈ ಪುಟ್ಟ ಮನೆಗಾಗಿ.

ನೋಡಿ, ಇಳಿಜಾರಿಗೆ ಒರಗಿಕೊಂಡಂತೆ ನಿಂತಿದೆ. 1867ರಲ್ಲಿ ಮಾರ್ಗರೆಟ್ ಟೋಬಿನ್ ಹುಟ್ಟಿದ್ದು ಇಲ್ಲೇ. ಐರ್ಲೆಂಡಿನಿಂದ ಬಂದ ಕೂಲಿ ಕುಟುಂಬ. ಇನ್ನೂ ಚಿಕ್ಕವರಿರುವಾಗಲೇ ತಂಬಾಕು ಕಾರ್ಖಾನೆಯಲ್ಲಿ ದುಡಿದರು. 18ನೇ ವಯಸ್ಸಿಗೆ ಕೊಲೊರಾಡೋದ ಗಣಿ ಊರು ಲೆಡ್‌ವಿಲ್‌ಗೆ ಹೋದರು. ಅಲ್ಲಿ ಜೆ. ಜೆ. ಬ್ರೌನ್ ಎಂಬುವರನ್ನು ಮದುವೆಯಾದರು. ಆಮೇಲೆ ಗಣಿಯಲ್ಲಿ ಚಿನ್ನ ಸಿಕ್ಕಿ ಸಿರಿವಂತರಾದರು.

1912ರ ಏಪ್ರಿಲ್. ಮೊಮ್ಮಗನಿಗೆ ಹುಷಾರಿಲ್ಲ ಎಂಬ ಸುದ್ದಿ ಬಂತು. ಯುರೋಪಿನಲ್ಲಿದ್ದ ಮಾರ್ಗರೆಟ್ ಸಿಕ್ಕಿದ ಹಡಗು ಹತ್ತಿದರು. ಅದು ಟೈಟಾನಿಕ್.

ಹಡಗು ಮುಳುಗಿದ ರಾತ್ರಿ ಅವರು 6ನೇ ನಂಬರಿನ ಲೈಫ್‌ಬೋಟ್‌ನಲ್ಲಿದ್ದರು. ಬೋಟ್‌ನಲ್ಲಿ ಇನ್ನೂ ಎಷ್ಟೋ ಜಾಗ ಖಾಲಿ ಇತ್ತು. ವಾಪಸ್ ಹೋಗೋಣ, ನೀರಲ್ಲಿ ಬಿದ್ದವರನ್ನು ಎತ್ತಿಕೊಳ್ಳೋಣ ಎಂದು ಕೇಳಿಕೊಂಡರು. ಬೋಟ್ ನಡೆಸುವವನು ಒಪ್ಪಲಿಲ್ಲ. ಮಾರ್ಗರೆಟ್ ಹುಟ್ಟು ಹಿಡಿದರು, ಬೇರೆ ಹೆಂಗಸರ ಕೈಗೂ ಕೊಟ್ಟರು. ಆ ಚಳಿಯಲ್ಲಿ ಸುಮ್ನೆ ಕೂತರೆ ಮೈ ಸೆಟೆದುಕೊಳ್ಳುತ್ತದೆ ಅಲ್ವಾ?

ನನಗೆ ಅವರ ಮೇಲೆ ಗೌರವ ಜಾಸ್ತಿಯಾಗಿದ್ದು ಇದರ ನಂತರದ ಕತೆ ಓದಿ. ಕಾರ್ಪೇಥಿಯಾ ಹಡಗು ಇವರನ್ನೆಲ್ಲ ಎತ್ತಿಕೊಂಡಿತು. ಗಂಡನನ್ನು, ಗಂಟುಮೂಟೆಯನ್ನು, ಎಲ್ಲವನ್ನೂ ಕಳೆದುಕೊಂಡ ಬಡ ಹೆಂಗಸರು ಅಲ್ಲಿದ್ದರು. ಎಷ್ಟೋ ಜನಕ್ಕೆ ಇಂಗ್ಲಿಷ್ ಬರುತ್ತಿರಲಿಲ್ಲ. ಮಾರ್ಗರೆಟ್ ತಮಗೆ ಗೊತ್ತಿದ್ದ ಫ್ರೆಂಚ್, ಜರ್ಮನ್‌ನಲ್ಲಿ ಮಾತಾಡಿಸಿದರು. ಆಮೇಲೆ ದುಡ್ಡಿದ್ದ ಪ್ರಯಾಣಿಕರ ಹತ್ತಿರ ಹೋಗಿ ಸಹಾಯ ಕೇಳಿದರು. ನ್ಯೂಯಾರ್ಕ್ ಮುಟ್ಟುವ ಹೊತ್ತಿಗೆ ಸುಮಾರು 10 ಸಾವಿರ ಡಾಲರ್ ಕೂಡಿತ್ತು.

ಇಲ್ಲಿನ ಬೋರ್ಡ್ ನೋಡಿ, 'ಮಾಲಿ ಬ್ರೌನ್' ಎಂದಿದೆ. ಬದುಕಿದ್ದಾಗ ಅವರನ್ನು ಯಾರೂ ಹಾಗೆ ಕರೆದಿರಲಿಲ್ಲ. ಅವರು ತೀರಿಕೊಂಡಿದ್ದು 1932ರಲ್ಲಿ. 1960ರಲ್ಲಿ ನ್ಯೂಯಾರ್ಕಿನ ನಾಟಕ ಬೀದಿ ಬ್ರಾಡ್‌ವೇಗೆ ಬಂದ ಒಂದು ಸಂಗೀತ ನಾಟಕದಿಂದ ಆ ಹೆಸರು ಊರೂರಿಗೆ ಹಬ್ಬಿತು. ಟ್ವೇನ್ ತಮ್ಮ ಹೆಸರನ್ನು ತಾವೇ ಆರಿಸಿಕೊಂಡರು. ಇವರಿಗೆ ಆ ಅವಕಾಶವೇ ಸಿಗಲಿಲ್ಲ.

ಮನೆಯವರು ಕರೆಯುತ್ತಿದ್ದದ್ದು ಮ್ಯಾಗಿ ಎಂದು. ಬಾಗಿಲು ತೆರೆದಿದೆ. ಬನ್ನಿ, ಮ್ಯಾಗಿ ಹುಟ್ಟಿದ ಮನೆ ನೋಡೋಣ.