ಪಕ್ಕದ ಸೀಟಿನವರು

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿರುವ ಈ ಮರದ ತುಂಡನ್ನು ನೋಡಿ ಆಗಲೇ ಇಬ್ಬರು, "ಏನು ಮಾರಾಯರೇ, ಭಾಷಣಕ್ಕೆ ಬರುವಾಗ ಕಟ್ಟಿಗೆ ತಂದಿದ್ದೀರಿ?" ಎಂದು ಕೇಳಿಯಾಯಿತು. ಇದು ಮತ್ತಿ ಮರದ್ದು. ಒಂದು ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಒಂದು ಬದಿಯನ್ನು ಇಳಿಜಾರಾಗಿ ಕೆತ್ತಿದ್ದಾರೆ, ಇನ್ನೊಂದು ತುದಿಗೆ ಕಬ್ಬಿಣದ ಪಟ್ಟಿ ಬಡಿದಿದ್ದಾರೆ. ಪಟ್ಟಿಯ ಬಳೆಯಲ್ಲಿ ಒಂದು ಕಾಲಕ್ಕೆ ಹಗ್ಗವಿತ್ತು. ಇಳಿಜಾರಿನ ಮೇಲೆ ಬೆರಳಾಡಿಸಿದರೆ ಟೈರಿನ ಅಚ್ಚು ಈಗಲೂ ಕೈಗೆ ತಾಗುತ್ತದೆ. ನನ್ನ ದೊಡ್ಡಪ್ಪ ಹದಿನೇಳನೆಯ ವಯಸ್ಸಿನಲ್ಲಿ ಶಿರಸಿ–ಕುಮಟಾ ಬಸ್ಸಿಗೆ ಕ್ಲೀನರ್ ಆಗಿ ಸೇರಿದ ದಿನ ಅವನ ಕೈಗೆ ಮೊದಲು ಕೊಟ್ಟದ್ದು ಇದನ್ನು. ಸಂಬಳ ಎಷ್ಟೆಂದು ಹೇಳಿದ್ದು ಆಮೇಲೆ.

ಹಳೆಯ ಕಾರುಗಳ ಬಗ್ಗೆ, ಮೋಟಾರು ರೇಸಿನ ಆರಂಭದ ದಿನಗಳ ಬಗ್ಗೆ ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ಹೊರಗೆ ಅಂಗಳದಲ್ಲಿ ನಿಂತಿರುವ ಗಾಡಿಗಳ ಸುತ್ತ ಬೆಳಿಗ್ಗೆಯಿಂದ ಜನ ನೆರೆದಿದ್ದಾರೆ. ಯಾವ ಮಾಡೆಲ್, ಎಷ್ಟು ಸಿಸಿ, ಯಾರು ಓಡಿಸುತ್ತಿದ್ದರು ಎಂದು ಕೇಳುತ್ತಿದ್ದಾರೆ. ಓಡಿಸಿದವರ ಕಥೆಗೆ ಎಂದೂ ಬರವಿಲ್ಲ. ನನಗೆ ಮಾತ್ರ ಪಕ್ಕದಲ್ಲಿ ಕುಳಿತವರ ಮೇಲೆ ಮೊದಲಿನಿಂದಲೂ ಒಂದು ಪಕ್ಷಪಾತ. ಇವತ್ತಿನ ಮಾತೆಲ್ಲ ಅವರದೇ.

ಶುರು ಮಾಡಬೇಕಾದ್ದು 1888ರ ಆಗಸ್ಟ್‌ನಿಂದ. ಕಾರ್ಲ್ ಬೆನ್ಜ್ ಮೂರು ಚಕ್ರದ ಮೋಟಾರು ಬಂಡಿ ಮಾಡಿದ್ದ, ಕೊಳ್ಳುವವರು ಸಿಕ್ಕಿರಲಿಲ್ಲ. ಹೆಂಡತಿ ಬರ್ಥಾ ಒಂದು ಬೆಳಗ್ಗೆ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಮನ್‌ಹೈಮ್‌ನಿಂದ ಫೋರ್ಜ್‌ಹೈಮ್‌ನ ತವರಿಗೆ ಅದೇ ಬಂಡಿಯಲ್ಲಿ ಹೊರಟಳು. ಸುಮಾರು 106 ಕಿಲೋಮೀಟರ್. ಇಂಧನ ಮುಗಿದಾಗ ವೀಸ್ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಬಟ್ಟೆಯ ಕಲೆ ತೆಗೆಯುವ ದ್ರಾವಣ ಕೊಂಡು ತುಂಬಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಏರು ಬಂದಲ್ಲೆಲ್ಲ ಮಕ್ಕಳು ಇಳಿದು ನೂಕಿದರು. ಇಳಿಜಾರಿನಲ್ಲಿ ಬ್ರೇಕಿನ ಮರದ ತುಂಡು ಸವೆದುಹೋದಾಗ ದಾರಿಯ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದಳು. ಊರಿಗೆ ಮರಳಿದ ಮೇಲೆ, ಏರಿಗೆ ಇನ್ನೊಂದು ಗೇರು ಬೇಕು ಎಂದು ಗಂಡನಿಗೆ ಹೇಳಿದ್ದೂ ಅವಳೇ. ಘಟ್ಟ ಹತ್ತಿ ಇಳಿದವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ನೂಕುವವರು, ಕೊಳವೆ ಚುಚ್ಚುವವರು, ಬ್ರೇಕಿಗೆ ಮರ: ನಮ್ಮ ದೇವಿಮನೆ ಘಟ್ಟದ ಒಂದು ಸಾಮಾನ್ಯ ಮಂಗಳವಾರ ಇದು.

ಏಳು ವರ್ಷದ ನಂತರ, 1895ರಲ್ಲಿ, ಪ್ಯಾರಿಸ್‌ನಿಂದ ಬೋರ್ಡೋಗೆ ಹೋಗಿ ಮರಳಿ ಬರುವ ಓಟ ನಡೆಯಿತು. ಎಮಿಲ್ ಲೆವಾಸೊರ್ ಸುಮಾರು 1178 ಕಿಲೋಮೀಟರ್ ದಾರಿಯನ್ನು 48 ಗಂಟೆ 48 ನಿಮಿಷದಲ್ಲಿ ಮುಗಿಸಿದ. ಸರಾಸರಿ ವೇಗ ಗಂಟೆಗೆ 24 ಕಿಲೋಮೀಟರ್. ಗೊತ್ತುಮಾಡಿದ ಊರಿಗೆ ಅವನು ಎಣಿಸಿದ್ದಕ್ಕಿಂತ ಮೊದಲೇ ಬಂದುಬಿಟ್ಟ, ಬದಲಿ ಚಾಲಕ ಇನ್ನೂ ನಿದ್ದೆಯಲ್ಲಿದ್ದ, ಹಾಗಾಗಿ ತಾನೇ ಮುಂದುವರಿಸಿದ. ಅವನ ಗಾಡಿ ಎರಡೇ ಸೀಟಿನದು, ನಿಯಮದಲ್ಲಿ ನಾಲ್ಕು ಸೀಟು ಎಂದಿತ್ತು, ಮೊದಲ ಬಹುಮಾನ ಹಿಂದೆ ಬಂದ ಪ್ಯೂಜೋಗೆ ಹೋಯಿತು. ಅದೇ ಓಟದಲ್ಲಿ ಮಿಷೆಲಿನ್ ಸೋದರರು ಮೊದಲ ಬಾರಿಗೆ ಗಾಳಿ ತುಂಬಿದ ಟೈರು ಹಾಕಿಕೊಂಡು ಬಂದು, ದಾರಿಯುದ್ದಕ್ಕೂ ಪಂಕ್ಚರ್ ತಿದ್ದುತ್ತಾ ಕುಳಿತರು. ಜನ ನಕ್ಕರಂತೆ.

ನಾನು ನಿಂತು ಹೇಳಬೇಕೆಂದಿರುವುದು 1906ರ ಕಥೆಯನ್ನು. ಫ್ರಾನ್ಸಿನ ಲೆ ಮಾನ್ಸ್ ಬಳಿ ಗ್ರ್ಯಾಂಡ್ ಪ್ರಿ ಎಂಬ ಹೆಸರಿನ ಮೊದಲ ದೊಡ್ಡ ಓಟ. ಊರ ರಸ್ತೆಗಳನ್ನೇ ಜೋಡಿಸಿ ಮಾಡಿದ ಸುತ್ತು 103 ಕಿಲೋಮೀಟರ್. ದಿನಕ್ಕೆ ಆರು ಸುತ್ತಿನಂತೆ ಎರಡು ದಿನ, ಒಟ್ಟು 1238 ಕಿಲೋಮೀಟರ್. ಜೂನ್ ತಿಂಗಳ ಬಿಸಿಲಿಗೆ ರಸ್ತೆಯ ಡಾಂಬರು ಕರಗಿ, ಚಾಲಕರ ಕಣ್ಣಿಗೆ ಹಾರಿತು. ನಿಯಮವೊಂದಿತ್ತು: ದಾರಿಯಲ್ಲಿ ಏನೇ ಕೆಟ್ಟರೂ ಚಾಲಕ ಮತ್ತು ಪಕ್ಕದ ಮೆಕ್ಯಾನಿಕ್, ಈ ಇಬ್ಬರೇ ರಿಪೇರಿ ಮಾಡಬೇಕು. ಬೇರೆ ಯಾರೂ ಕೈ ಹಚ್ಚುವಂತಿಲ್ಲ.

ಆಗ ಟೈರು ಬದಲಿಸುವುದೆಂದರೆ ಹಳೆಯ ಟೈರನ್ನು ಚಾಕುವಿನಿಂದ ಕೊಯ್ದು ಕಿತ್ತು, ಹೊಸದನ್ನು ಸರಳುಗಳಿಂದ ಮೀಟಿ ಕೂರಿಸಿ, ಕೈಪಂಪಿನಿಂದ ಗಾಳಿ ಹೊಡೆಯುವುದು. ಕಾಲು ಗಂಟೆ ಹೋಗುತ್ತಿತ್ತು. ಮೊದಲ ಓಟದಲ್ಲಿ ನಗೆಪಾಟಲಾಗಿದ್ದ ಮಿಷೆಲಿನ್‌ನವರು ಈ ಸಲ ರಿಮ್ಮನ್ನೇ ಬೋಲ್ಟು ಬಿಚ್ಚಿ ತೆಗೆಯುವಂತೆ ಮಾಡಿಕೊಂಡು ಬಂದಿದ್ದರು. ಟೈರು, ಗಾಳಿ ಎಲ್ಲ ಮೊದಲೇ ಸಿದ್ಧ. ಬಿಚ್ಚುವುದು, ಹಾಕುವುದು, ಹೊರಡುವುದು. ಅಂಥ ರಿಮ್ಮು ಹಾಕಿಕೊಂಡ ರೆನೋ ಕಾರು ಗಂಟೆಗೆ ಸರಾಸರಿ 101 ಕಿಲೋಮೀಟರ್ ವೇಗದಲ್ಲಿ ಓಡಿ ಗೆದ್ದಿತು. ಎರಡನೆಯದಾಗಿ ಬಂದದ್ದು ಫಿಯಟ್, ಅರ್ಧ ಗಂಟೆಗೂ ಹೆಚ್ಚು ಹಿಂದೆ. ನನ್ನ ಫಿಯಟ್ಟಿಗೆ ತಡವಾಗಿ ಬರುವ ಚಾಳಿ ಎಲ್ಲಿಂದ ಬಂತೆಂದು ಮನೆಯವರಿಗೆ ನಾನು ಕೊಡುವ ವಿವರಣೆ ಇದು.

ಆ ರೆನೋ ಓಡಿಸಿದವನು ಫೆರೆಂಕ್ ಸಿಸ್, ಹಂಗೇರಿಯವನು. ಮೂರು ವರ್ಷದ ಹಿಂದೆ, 1903ರ ಪ್ಯಾರಿಸ್–ಮ್ಯಾಡ್ರಿಡ್ ಓಟದಲ್ಲಿ ಅವನು ಲೂಯಿ ರೆನೋನ ಪಕ್ಕದ ಸೀಟಿನಲ್ಲಿದ್ದ ಮೆಕ್ಯಾನಿಕ್. ಆ ಓಟದಲ್ಲಿ ಎಷ್ಟು ಸಾವುನೋವಾಯಿತೆಂದರೆ ಬೋರ್ಡೋದಲ್ಲೇ ಅದನ್ನು ನಿಲ್ಲಿಸಿಬಿಟ್ಟರು. ಲೂಯಿಯ ಅಣ್ಣ ಮಾರ್ಸೆಲ್ ಸತ್ತ, ಲೂಯಿ ಮತ್ತೆ ರೇಸಿಗೆ ಇಳಿಯಲಿಲ್ಲ. ಪಕ್ಕದ ಸೀಟಿನವನು ಚಾಲಕನ ಸೀಟಿಗೆ ಸರಿದ, ಮೊದಲ ಗ್ರ್ಯಾಂಡ್ ಪ್ರಿ ಗೆದ್ದ. ನಮ್ಮಲ್ಲಿ ಕ್ಲೀನರ್ ಡ್ರೈವರ್ ಆಗುವುದು ಹೀಗೆಯೇ. ಯಾರೂ ಕಲಿಸುವುದಿಲ್ಲ, ನೋಡಿ ನೋಡಿ ಕೈಗೆ ಬರುತ್ತದೆ. ಒಂದು ದಿನ ಡ್ರೈವರನಿಗೆ ಜ್ವರ ಬರುತ್ತದೆ.

ದೊಡ್ಡಪ್ಪನಿಗೂ ಹಾಗೆಯೇ ಆದದ್ದು. ಅದಕ್ಕೂ ಮೊದಲಿನದು ಕೇಳಿ. ಅವನು ಸೇರಿದಾಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು, ಪೆಟ್ರೋಲು ಪಡಿತರದಲ್ಲಿ ಸಿಗುತ್ತಿತ್ತು, ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಬಸ್ಸಿನ ಹಿಂಬದಿಗೆ ಆಳೆತ್ತರದ ಡ್ರಮ್ಮು. ಅದರೊಳಗೆ ಇದ್ದಿಲು ತುಂಬಿ ಬೆಂಕಿ ಹಚ್ಚಿ, ಪಕ್ಕದ ಬೀಸಣಿಗೆಯನ್ನು ಕೈಯಿಂದ ತಿರುಗಿಸಬೇಕು. ಗಾಳಿ ಸಾಲದಂತೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಏಳುತ್ತದೆ, ಅದು ಸೋಸಿಕೊಂಡು ಇಂಜಿನ್ನಿಗೆ ಹೋಗಿ ಉರಿಯುತ್ತದೆ. ಏಳು ಗಂಟೆಯ ಬಸ್ಸಿಗೆ ಕ್ಲೀನರ್ ಐದೂವರೆಗೆ ಎದ್ದು ಬೀಸಲು ನಿಲ್ಲುತ್ತಿದ್ದ. ಮೂಗು, ಕಿವಿ, ಉಗುರಿನ ಸಂದು ಎಲ್ಲ ಕಪ್ಪು. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಉಗುರು ಬಿಳಿಯಾಗಿರಲಿಲ್ಲ ಎಂದು ದೊಡ್ಡಮ್ಮ ಕೊನೆಯವರೆಗೂ ಹೇಳುತ್ತಿದ್ದಳು.

ಇದ್ದಿಲ ಅನಿಲದಲ್ಲಿ ಇಂಜಿನ್ನಿನ ಕಸುವು ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ಬಯಲಿನಲ್ಲಿ ಹೇಗೋ ನಡೆಯುತ್ತದೆ, ಕುಮಟೆಯಿಂದ ಘಟ್ಟ ಹತ್ತುವಾಗ ನಡೆಯುವುದಿಲ್ಲ. ತಿರುವಿನಲ್ಲಿ ಬಸ್ಸು ಏದುಸಿರು ಬಿಡತೊಡಗಿದ ಕೂಡಲೇ ದೊಡ್ಡಪ್ಪ ಈ ಮರದ ತುಂಡು ಹಿಡಿದು ಜಿಗಿಯಬೇಕು. ಹಿಂದಿನ ಚಕ್ರದ ಬೆನ್ನಿಗೇ ಬಗ್ಗಿ ನಡೆಯುತ್ತಾ, ಬಸ್ಸು ನಿಂತ ಕ್ಷಣಕ್ಕೆ ಚಕ್ರದಡಿ ತುಂಡನ್ನು ಒಡ್ಡಬೇಕು. ಅರ್ಧ ಮೊಳ ಆಚೀಚೆಯಾದರೆ ಬಸ್ಸು ತುಂಡನ್ನು ಒದ್ದು ಹಿಂದೆ ಬರುತ್ತದೆ, ಹಿಂದೆ ಕಣಿವೆ. ಒಡ್ಡಿಯಾದ ಮೇಲೆ ಸೀಟಿ ಊದಬೇಕು. ಆಮೇಲೆ ಗಂಡಸರು ಇಳಿದು ನೂಕಬೇಕು, ಹೆಂಗಸರು ಮುಂದೆ ನಡೆಯಬೇಕು. ಹೆಂಗಸರು ದೇವಿಮನೆಯ ದೇವಸ್ಥಾನ ತಲುಪಿ, ಕೈಮುಗಿದು, ಎಲೆಯಡಿಕೆ ಮೆದ್ದು ಮುಗಿಸಿದ ಮೇಲೆ ಬಸ್ಸು ಬರುತ್ತಿತ್ತಂತೆ. ರೇಡಿಯೇಟರ್ ಕುದಿದರೆ ಹಳ್ಳಕ್ಕಿಳಿದು ಅಡಿಕೆ ಹಾಳೆಯ ಕೊಟ್ಟೆಯಲ್ಲಿ ನೀರು ತರುವುದೂ ಕ್ಲೀನರನೇ. ಎಷ್ಟೋ ವರ್ಷ ಅದೇ ದಾರಿಯಲ್ಲಿ ಕೆಲಸ ಮಾಡಿದ ದೊಡ್ಡಪ್ಪ, ಆ ಘಟ್ಟವನ್ನು ತಾನು ಬಸ್ಸಿನಲ್ಲಿ ಕುಳಿತು ಹತ್ತಿದ್ದಕ್ಕಿಂತ ನಡೆದು ಹತ್ತಿದ್ದೇ ಹೆಚ್ಚು ಎನ್ನುತ್ತಿದ್ದ.

ಹೀಗಾಗಿ 1907ರ ಪೀಕಿಂಗ್–ಪ್ಯಾರಿಸ್ ಓಟದ ಕಥೆ ಓದಿದಾಗ ನನಗೆ ರಾಜಕುಮಾರ ಬೋರ್ಗೆಸೆ ಅಷ್ಟಾಗಿ ಹಿಡಿಸಲಿಲ್ಲ. ಐದು ಗಾಡಿ ಹೊರಟವು, ಎರಡು ತಿಂಗಳ ಮೇಲೆ ಇಟಾಲಾ ಕಾರಿನಲ್ಲಿ ಬೋರ್ಗೆಸೆ ಮೊದಲಿಗನಾಗಿ ಪ್ಯಾರಿಸ್ ಮುಟ್ಟಿದ. ಸರಿ. ದಾರಿಯುದ್ದಕ್ಕೂ ಗಾಡಿಯ ಅಡಿಗೆ ನುಸುಳಿದವನು, ಬಹುದೂರ ಓಡಿಸಿದವನು ಮೆಕ್ಯಾನಿಕ್ ಎತ್ತೊರೆ ಗುಯ್ಸಾರ್ದಿ. ಸೈಬೀರಿಯಾದಲ್ಲಿ ಮರದ ಸೇತುವೆ ಮುರಿದು ಕಾರು ಕೆಳಗೆ ಬಿದ್ದಾಗ ಅದರ ಜೊತೆ ಅವನೂ ಬಿದ್ದ. ರಷ್ಯಾದಲ್ಲಿ ಮರದ ಚಕ್ರ ಪುಡಿಯಾಯಿತು. ಬಿಡಿಭಾಗ ಎಲ್ಲಿ ಸಿಗಬೇಕು? ಹಳ್ಳಿಯ ಗಾಡಿ ಬಡಗಿಯೊಬ್ಬ ಬರೀ ಕೊಡಲಿ ಹಿಡಿದು ಹೊಸ ಅರಗಳನ್ನು ಕೆತ್ತಿ ಚಕ್ರ ಕಟ್ಟಿಕೊಟ್ಟ. ಅದರ ಮೇಲೆ ಕಾರು ಮುಂದೆ ಸಾಗಿತು. ಆ ಬಡಗಿಗೆ ನಮ್ಮ ಮಾರಿಕಾಂಬೆಯ ತೇರಿನ ಚಕ್ರ ತೋರಿಸಿದ್ದರೆ ಅವನು ಬಹಳ ಹೊತ್ತು ಅದರ ಮುಂದೆ ನಿಲ್ಲುತ್ತಿದ್ದ ಎಂದು ನನಗನ್ನಿಸುತ್ತದೆ.

ಪಕ್ಕದ ಸೀಟಿನವನ ಕೆಲಸವೇನು? ಕೈಪಂಪಿನಿಂದ ಇಂಧನದ ಒತ್ತಡ ಕಾಯ್ದುಕೊಳ್ಳುವುದು, ಎಣ್ಣೆ ಕೊಡುವುದು, ಟೈರು ಸವೆಯುವುದನ್ನು ಬಗ್ಗಿ ನೋಡುವುದು, ಹಿಂದಿನಿಂದ ಬರುವವರನ್ನು ಹೇಳುವುದು. 1911ರಲ್ಲಿ ಅಮೆರಿಕದ ಮೊದಲ ಇಂಡಿಯಾನಾಪೊಲಿಸ್ 500 ಮೈಲಿ ಓಟಕ್ಕೆ ರೇ ಹ್ಯಾರೂನ್ ಒಂಟಿ ಸೀಟಿನ ಮಾರ್ಮನ್ ಕಾರು ತಂದ. ಹಿಂದೆ ನೋಡುವವರು ಯಾರು ಎಂದು ಉಳಿದವರು ತಕರಾರು ತೆಗೆದರು. ಅವನು ಕಾರಿನ ಮೇಲೆ ಒಂದು ಕನ್ನಡಿ ಕಟ್ಟಿದ, ಓಟ ಗೆದ್ದ. ಇಟ್ಟಿಗೆ ಹಾಸಿದ ಹಾದಿಯ ಕುಲುಕಾಟದಲ್ಲಿ ಆ ಕನ್ನಡಿಯಲ್ಲಿ ಏನೂ ಕಾಣುತ್ತಿರಲಿಲ್ಲವೆಂದು ಎಷ್ಟೋ ವರ್ಷದ ನಂತರ ಅವನೇ ಒಪ್ಪಿಕೊಂಡ. ಒಬ್ಬ ಮನುಷ್ಯನ ಜಾಗಕ್ಕೆ ಏನೂ ಕಾಣದ ಕನ್ನಡಿ ಬಂದು ಕುಳಿತದ್ದು ಹೀಗೆ.

ಯುರೋಪಿನಲ್ಲಿ 1924ರ ಸ್ಯಾನ್ ಸೆಬಾಸ್ಟಿಯನ್ ಓಟದಲ್ಲಿ ಮೆಕ್ಯಾನಿಕ್ ಟಾಮ್ ಬ್ಯಾರೆಟ್ ಸತ್ತ. ಮುಂದಿನ ವರ್ಷದಿಂದ ಗ್ರ್ಯಾಂಡ್ ಪ್ರಿ ಕಾರುಗಳಲ್ಲಿ ಮೆಕ್ಯಾನಿಕ್ ಕೂರುವಂತಿಲ್ಲ ಎಂದಾಯಿತು. ಆದರೆ ಗಾಡಿ ಎರಡು ಸೀಟಿನಷ್ಟು ಅಗಲ ಇರಲೇಬೇಕೆಂಬ ನಿಯಮವನ್ನು ಉಳಿಸಿಕೊಂಡರು. ಆ ಕಾಲದ ಚಿತ್ರಗಳನ್ನು ನೋಡಿ, ಚಾಲಕನ ಪಕ್ಕದಲ್ಲಿ ಒಂದು ಖಾಲಿ ಜಾಗ ಓಡುತ್ತಿರುತ್ತದೆ.

ನಮ್ಮ ದೇಶದ ರೇಸಿನ ಬಗ್ಗೆ ಎರಡು ಮಾತು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಶುರುವಾದದ್ದು 1953ರಲ್ಲಿ. ಯುದ್ಧಕಾಲದ ವಿಮಾನಪಟ್ಟಿಯೊಂದು ಶೋಲಾವರಂನಲ್ಲಿ ಪಾಳು ಬಿದ್ದಿತ್ತು, ದಶಕಗಳ ಕಾಲ ಅದರ ಮೇಲೆಯೇ ರೇಸು ನಡೆಯಿತು. ನಮ್ಮ ಕರಾವಳಿಯವರಿಗೆ ಅದು ಪತ್ರಿಕೆಯ ಕೊನೆಯ ಪುಟದ ಸುದ್ದಿ. ನಮಗಿದ್ದದ್ದು ಜಂಗಲ್, ಅಂದರೆ ಗಾಡಿಗಳನ್ನು ಹೊಳೆ ದಾಟಿಸುವ ದೋಣಿ. ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿಗೆ ಸೇತುವೆ ಬಂದದ್ದು 1983ರಲ್ಲಿ. ಅದಕ್ಕೂ ಮೊದಲು ಸದಾಶಿವಗಡಕ್ಕೆ ಹೋಗಬೇಕಾದರೆ ಕಾರನ್ನು ಎರಡು ಹಲಗೆಯ ಮೇಲಿನಿಂದ ಜಂಗಲ್‌ಗೆ ಹತ್ತಿಸಬೇಕಿತ್ತು. ನಾನು ಎಂಟು ವರ್ಷದವನಿದ್ದಾಗ ದೊಡ್ಡಪ್ಪನ ಜೊತೆ ಹೋಗಿದ್ದೆ. ಹಲಗೆಯ ಕೊನೆಯಲ್ಲಿ ಅವನು ನಿಂತು, ಎರಡು ಅಂಗೈಗಳನ್ನು ಎದುರುಬದುರಾಗಿ ಹಿಡಿದು, ಬೆರಳ ತುದಿಯಿಂದ ಡ್ರೈವರನಿಗೆ ದಾರಿ ಹೇಳುತ್ತಿದ್ದ. ಬಾಯಿ ಬಿಡಲಿಲ್ಲ. ಕಾರು ಹತ್ತಿದ್ದೇ ಜಂಗಲ್ ಒಮ್ಮೆ ತೊನೆಯಿತು. ಅಷ್ಟರಲ್ಲಿ ಇದೇ ತುಂಡು ಚಕ್ರದ ಕೆಳಗಿತ್ತು. ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿದ್ದ ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಅಂಗೈಗಳು.

ನನ್ನ ಗಾಡಿ 1950ರ ದಶಕದ ಫಿಯಟ್ 1100. ಬೆನ್ನು ಉಬ್ಬಿದ ಆಕಾರಕ್ಕೆ ಮುಂಬಯಿಯವರು ಡುಕ್ಕರ್ ಎಂದು ಹೆಸರಿಟ್ಟರು, ನಮ್ಮ ಕೊಂಕಣಿ ಗೆಳೆಯರಿಗೆ ಅರ್ಥ ಹೇಳಬೇಕಾಗಿಲ್ಲ, ಉಳಿದವರಿಗೆ: ಹಂದಿ. 1089 ಸಿಸಿ, ಸ್ಟೇರಿಂಗಿನ ಪಕ್ಕದಲ್ಲೇ ಗೇರು, ಮುಂದಿನ ಬಾಗಿಲು ಹಿಂದಕ್ಕೆ ತೆರೆಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಘಟ್ಟ ಹತ್ತುವಾಗ ಇಂಜಿನ್ನಿನ ಕಾವಿಗೆ ಪೆಟ್ರೋಲು ಪಂಪಿನೊಳಗೇ ಆವಿಯಾಗುತ್ತದೆ. ಪಂಪು ದ್ರವವನ್ನು ಎಳೆಯಬಲ್ಲದು, ಆವಿಯನ್ನಲ್ಲ. ಏರ್ ಲಾಕ್ ಆಯಿತು ಎನ್ನುವುದು ಇದಕ್ಕೇ. ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಸುತ್ತಿ, ಬಾನೆಟ್ ತೆರೆದಿಟ್ಟು, ಹತ್ತು ನಿಮಿಷ ಕಾಯಬೇಕು. ಬ್ಯಾಟರಿಯೂ ಕೈಕೊಟ್ಟಿದ್ದರೆ ಹ್ಯಾಂಡಲ್ ಹೊಡೆದು ಕೈಯಿಂದಲೇ ಇಂಜಿನ್ ತಿರುಗಿಸಬೇಕು. ಎಳೆಯರು ಗಮನಿಸಿ: ಹ್ಯಾಂಡಲ್ಲಿನ ಸುತ್ತ ಹೆಬ್ಬೆರಳು ಹಾಕಬೇಡಿ, ಉಳಿದ ನಾಲ್ಕು ಬೆರಳಿನ ಬದಿಗೇ ಇರಲಿ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಕೆಳಕ್ಕೆ ಒತ್ತಬೇಡಿ. ಇಂಜಿನ್ ತಿರುಗಿ ಹೊಡೆದರೆ ಮಣಿಕಟ್ಟು ಉಳಿಯುವುದಿಲ್ಲ. ದೊಡ್ಡಪ್ಪನ ಬಲಗೈ ಸ್ವಲ್ಪ ಸೊಟ್ಟಗಿತ್ತು.

ಕಾನೂನಿನ ವಿಷಯವನ್ನೂ ಕೇಳುತ್ತಿದ್ದಿರಿ. 2021ರ ಕೇಂದ್ರದ ನಿಯಮದಂತೆ ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಮೂಲರೂಪ ಕೆಡಿಸದ ಗಾಡಿ ವಿಂಟೇಜ್ ಎನಿಸುತ್ತದೆ. ನಂಬರಿನಲ್ಲಿ ವಿಎ ಎಂಬ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥವಕ್ಕೆ ರಸ್ತೆಗೆ ಇಳಿಸಬಹುದು, ಬಾಡಿಗೆಗೆ ಬಿಡುವಂತಿಲ್ಲ. ಮದುವೆ ದಿಬ್ಬಣದ ಲೆಕ್ಕ ಹಾಕಿದವರು ಕೈಬಿಡಿ.

ಕೊನೆಯದಾಗಿ 1955ರ ಮಿಲ್ಲೆ ಮಿಲ್ಯಾ. ಇಟಲಿಯ ರಸ್ತೆಗಳಲ್ಲಿ ಸಾವಿರ ಮೈಲಿ. ಸ್ಟರ್ಲಿಂಗ್ ಮಾಸ್ ಮರ್ಸಿಡಿಸ್ ಓಡಿಸಿದ, 10 ಗಂಟೆ 7 ನಿಮಿಷ 48 ಸೆಕೆಂಡ್, ಗಂಟೆಗೆ 157 ಕಿಲೋಮೀಟರಿಗೂ ಮಿಕ್ಕ ಸರಾಸರಿ. ಪಕ್ಕದಲ್ಲಿ ಡೆನಿಸ್ ಜೆಂಕಿನ್ಸನ್, ಗಡ್ಡದ ಪತ್ರಕರ್ತ. ಇಡೀ ದಾರಿಯ ತಿರುವುಗಳನ್ನು ಮೊದಲೇ ಓಡಾಡಿ ಬರೆದುಕೊಂಡು, ಐದು ಮೀಟರಿಗೂ ಉದ್ದದ ಕಾಗದದ ಸುರುಳಿ ಮಾಡಿ ಪೆಟ್ಟಿಗೆಯಲ್ಲಿಟ್ಟು ತಿರುಗಿಸುತ್ತಾ ಓದಿದ. ಇಂಜಿನ್ನಿನ ಸದ್ದಿನಲ್ಲಿ ಮಾತು ಕೇಳದು, ಹಾಗಾಗಿ ಎಲ್ಲ ಕೈಸನ್ನೆಯಲ್ಲೇ. ಗುಡ್ಡದ ಆಚೆ ಏನಿದೆಯೆಂದು ಕಾಣದಿದ್ದರೂ ಆ ಕೈಯನ್ನು ನಂಬಿ ಮಾಸ್ ವೇಗ ಇಳಿಸಲಿಲ್ಲ. ಇಂದಿಗೂ ರ‍್ಯಾಲಿಗಳಲ್ಲಿ ಪಕ್ಕದವನು ಇಂಥದೇ ಟಿಪ್ಪಣಿ ಓದುತ್ತಾನೆ. ದಾರಿಯಲ್ಲಿ ಜೆಂಕಿನ್ಸನ್‌ಗೆ ವಾಂತಿ ಬಂತು, ತಲೆ ಹೊರಗೆ ಹಾಕಿದ, ಗಾಳಿಗೆ ಕನ್ನಡಕ ಹಾರಿಹೋಯಿತು. ಪುಣ್ಯಕ್ಕೆ ಇನ್ನೊಂದು ಜೊತೆ ತಂದಿದ್ದ. ಘಟ್ಟದ ಬಸ್ಸಿನಲ್ಲಿ ಕಿಟಕಿಯ ಸೀಟಿಗೆ ಜಗಳ ಯಾಕೆ ಬೀಳುತ್ತದೆಂದು ಅವನಿಗಾದರೆ ಗೊತ್ತಾಗುತ್ತಿತ್ತು.

ನಾಳೆ ಬೆಳಿಗ್ಗೆ ಆರು ಗಂಟೆಗೆ ಇಲ್ಲಿಂದ ನಾಲ್ಕು ಗಾಡಿಗಳು ದೇವಿಮನೆ ಇಳಿದು ಕುಮಟೆಗೆ ಹೋಗಿ, ಸಂಜೆ ಅದೇ ಘಟ್ಟ ಹತ್ತಿ ಬರುತ್ತವೆ. ನನ್ನ ಡುಕ್ಕರಿನಲ್ಲಿ ಪಕ್ಕದ ಸೀಟು ಖಾಲಿಯಿದೆ. ಈ ಮರದ ತುಂಡನ್ನು ತೊಡೆಯ ಮೇಲಿಟ್ಟುಕೊಂಡು ಕೂರಬೇಕು, ಹೇಳಿದ ಕೂಡಲೇ ಜಿಗಿಯಬೇಕು. ಬರುವವರು ಈಗಲೇ ಹೆಸರು ಕೊಡಿ. ಕನ್ನಡಕದವರು ಎರಡು ಜೊತೆ ತನ್ನಿ.